ಹಳೆ ರೈಫಲ್‌ಗೆ ದೊಡ್ಡ ನಳಿಗೆ: ಯಾವುದಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದದು

ತೋಟಕ್ಕೆ ಆನೆ ನುಗ್ಗಿದ ಮರುದಿನ ಸಂಘದ ಗೋದಾಮಿನ ಮುಂದೆ ನಾಲ್ಕು ಜನ ಸೇರಿದರೆ ಕೋವಿಯ ಮಾತು ಬಾರದೆ ಇರುವುದಿಲ್ಲ. ಬಾಳೆ ಎಷ್ಟು ಹೋಯಿತು, ಅಡಿಕೆ ಸಸಿ ಎಷ್ಟು ಮುರಿಯಿತು, ಕಾಫಿ ಗಿಡ ಎಷ್ಟು ತುಳಿತಕ್ಕೆ ಸಿಕ್ಕಿತು ಎಂಬ ಲೆಕ್ಕವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಜ್ಜನ ಕಾಲದ ರೈಫಲ್ ಒಂದು ಮನೆಯಲ್ಲಿದೆ. ನಳಿಗೆ ಬದಲಾಯಿಸಿದರೆ ದೊಡ್ಡ ತೋಟೆ ಹಾಕಬಹುದಂತಲ್ಲ, ನಿಜವೆ?"

ನಿಜ. ಆಫ್ರಿಕಾ, ಅಮೆರಿಕ, ಜರ್ಮನಿ ಮುಂತಾದ ಕಡೆ ಈ ಕೆಲಸ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಅದರಲ್ಲಿ ಒಂದು ಶಾಸ್ತ್ರವೂ ಇದೆ. ಆದರೆ ನಮ್ಮ ದೇಶದಲ್ಲಿ ಅದಕ್ಕೆ ದಾರಿಯಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ, ಆಮೇಲೆ ಗೊಂದಲ ಬೇಡ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ತಯಾರಿಸುವುದಕ್ಕೆ ಮಾತ್ರವಲ್ಲ, ಮಾರ್ಪಡಿಸುವುದಕ್ಕೂ ರಿಪೇರಿ ಮಾಡುವುದಕ್ಕೂ ಅದಕ್ಕೆಂದೇ ಪಡೆದ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯು ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದನ್ನೂ ಈ ಕಟ್ಟಿಗೆ ಸೇರಿಸಿತು. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಕೊಡಗಿನವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಅದೇ 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆಯಷ್ಟೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಬಿಚ್ಚಿ ಬೇರೆ ಮಾಡಿಸುವುದಕ್ಕಲ್ಲ. ಇನ್ನು ಆನೆಯಾಗಲಿ ಕಾಟಿಯಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ಪ್ರಾಣಿಗಳು. ತೋಟ ಹಾಳಾಯಿತೆಂದು ಅವಕ್ಕೆ ಈಡು ಹೊಡೆಯುವ ಹಕ್ಕು ಬೆಳೆಗಾರನಿಗೆ ಇಲ್ಲ.

ಹಾಗಿದ್ದರೆ ಇಷ್ಟುದ್ದ ಬರೆಯುವುದೇಕೆ ಎಂದು ಕೇಳಬಹುದು. ನಳಿಗೆ ದಪ್ಪವಾದರೆ ಕೋವಿ ದೊಡ್ಡದಾಯಿತು ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ. ಕುಲುಮೆಯವನೊಬ್ಬ ಲೇತು ಇಟ್ಟುಕೊಂಡಿದ್ದರೆ ಸಾಕು, ಆಗುತ್ತದೆ ಎಂದು ನಂಬುವವರಿದ್ದಾರೆ. ಆಗುವುದಿಲ್ಲ ಏಕೆ ಎಂದು ತಿಳಿಯಬೇಕಾದರೆ ಆಗುವ ಕಡೆ ಅದನ್ನು ಹೇಗೆ ಆರಿಸುತ್ತಾರೆ ಎಂದು ತಿಳಿದಿರಬೇಕು. ಅದೂ ಅಲ್ಲದೆ ಈ ಕತೆ ಶುರುವಾಗುವುದೇ ನಮ್ಮಂಥ ತೋಟಗಾರರಿಂದ.

ಬರ್ಲಿನ್‌ನ ಕೋವಿ, ಕಿಲಿಮಂಜಾರೋದ ಕಾಫಿ

ಈಗಿನ ಟಾಂಜಾನಿಯಾದ ಬಹುಭಾಗ ಮೊದಲನೆಯ ಮಹಾಯುದ್ಧದವರೆಗೆ ಜರ್ಮನರ ವಸಾಹತಾಗಿತ್ತು. ಜರ್ಮನ್ ಪೂರ್ವ ಆಫ್ರಿಕಾ ಎಂದು ಅದರ ಹೆಸರು. ಕಿಲಿಮಂಜಾರೋ ಬೆಟ್ಟದ ತಪ್ಪಲಲ್ಲಿ, ಉಸಾಂಬರಾ ಬೆಟ್ಟಗಳಲ್ಲಿ ಕಾಫಿ ಹಾಕಿದ ಬಿಳಿಯ ತೋಟಗಾರರಿಗೆ ಆನೆ, ಕಾಡೆಮ್ಮೆ, ಸಿಂಹ ಎಲ್ಲವೂ ನೆರೆಹೊರೆ. ಆ ಕಾಲಕ್ಕೆ ದೊಡ್ಡ ಪ್ರಾಣಿಗೆ ಎಂದು ಇದ್ದ ಕೋವಿ ಇಂಗ್ಲಿಷರ ಜೋಡುನಳಿಗೆಯ ರೈಫಲ್. ಕೈಯಿಂದ ಉಜ್ಜಿ ಉಜ್ಜಿ ಕೂರಿಸಿದ ಕೆಲಸ. ಬೆಲೆ ಶ್ರೀಮಂತ ಶಿಕಾರಿದಾರನಿಗೆ ಮಾತ್ರ ಎಟುಕುವಂಥದು. ಸಾಲ ಮಾಡಿ ಗಿಡ ನೆಟ್ಟವನಿಗೆ ಅದು ಕನಸಿನ ಮಾತು.

ಆದರೆ ಜರ್ಮನರ ಕೈಯಲ್ಲಿ ಬೇರೊಂದಿತ್ತು. 1898ರ ಮಾದರಿಯ ಮೌಸರ್ ರೈಫಲ್. ಸೈನ್ಯಕ್ಕಾಗಿ ಲಕ್ಷಗಟ್ಟಲೆ ತಯಾರಾಗುತ್ತಿದ್ದುದರಿಂದ ಅಗ್ಗ, ಗಟ್ಟಿ. ಅದರಲ್ಲಿ ಹೋಗುತ್ತಿದ್ದ ತೋಟೆ ಮಾತ್ರ ಮನುಷ್ಯನ ತೂಕದ ಗುರಿಗೆ ಮಾಡಿದ್ದು. ಬರ್ಲಿನ್‌ನ ಕೋವಿ ತಯಾರಕ ಆಟೊ ಬಾಕ್ 1905ರಲ್ಲಿ ಇದಕ್ಕೊಂದು ಉಪಾಯ ತೆಗೆದ. ರೈಫಲ್‌ನ ಮೈಯನ್ನು ಮುಟ್ಟಲಿಲ್ಲ. ಆ ಮೈಯೊಳಗೆ ಹಿಡಿಸುವಷ್ಟೇ ಉದ್ದದ, ಅದರ ಬೋಲ್ಟಿಗೆ ಹೊಂದುವಷ್ಟೇ ಬುಡದ, ಆದರೆ ಬಾಯಿ ಮಾತ್ರ ದೊಡ್ಡದಾದ ತೋಟೆಯೊಂದನ್ನು ಮಾಡಿದ. ಅದೇ 9.3×62. ಗುಂಡಿನ ದಪ್ಪ 9.3 ಮಿಲಿಮೀಟರ್, ಹಿತ್ತಾಳೆಯ ಉದ್ದ 62 ಮಿಲಿಮೀಟರ್ ಎಂದು ಅರ್ಥ. ಸಾಮಾನ್ಯ ಗುಂಡಿನ ತೂಕ 18.5 ಗ್ರಾಮು. ಈಗಿನ ಮದ್ದಿನಲ್ಲಿ ಸೆಕೆಂಡಿಗೆ ಸುಮಾರು 720 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 4,800 ಜೌಲಿನ ಆಸುಪಾಸು.

ಇದು ಆಫ್ರಿಕಾದಲ್ಲಿ ಜೋಡುನಳಿಗೆಯ ಗರ್ವವನ್ನು ಇಳಿಸಿತು ಎಂದರೆ ತಪ್ಪಲ್ಲ. ಬೇಸಾಯಗಾರರ ರೈಫಲ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಬಾಕ್ ಮಾಡಿದ ತೋಟೆಗಿಂತ ಬಾಕ್ ಯೋಚಿಸಿದ ಕ್ರಮ ದೊಡ್ಡದು ಎಂದು ನಮ್ಮ ಅಭಿಪ್ರಾಯ. ಮೊದಲು ದಪ್ಪ ಗುಂಡನ್ನು ಆರಿಸಿ ಆಮೇಲೆ ರೈಫಲ್ ಹುಡುಕಲಿಲ್ಲ. ಕೈಯಲ್ಲಿದ್ದ ರೈಫಲ್ ಏನನ್ನು ಹೊರಬಲ್ಲದು ಎಂದು ಅಳೆದು ತೋಟೆ ಮಾಡಿದ. ಇವತ್ತಿಗೂ ಮಾರ್ಪಾಟಿನ ಕೆಲಸದಲ್ಲಿ ಬಲ್ಲವರು ಹಿಡಿಯುವ ದಾರಿ ಅದೇ.

ನೋಡಬೇಕಾದ್ದು ನಳಿಗೆಯಲ್ಲ

ಕಸಿ ಕಟ್ಟುವವರಿಗೆ ಇದು ಬೇಗ ತಿಳಿಯುತ್ತದೆ. ನಳಿಗೆ ಎಂಬುದು ಕಸಿಕಡ್ಡಿ. ಬೇರುಗಿಡ ಬೇರೆ ಇದೆ. ನಳಿಗೆಯನ್ನು ತಿರುಪಿನಲ್ಲಿ ಹಿಡಿದಿರುವ ಉಕ್ಕಿನ ಮೈ, ಅದರೊಳಗೆ ಹಿಂದೆ ಮುಂದೆ ಓಡುವ ಬೋಲ್ಟು, ಕೆಳಗಿನ ತೋಟೆಪೆಟ್ಟಿಗೆ, ಈ ಮೂರೂ ಸೇರಿದ್ದನ್ನು ಆಕ್ಷನ್ ಎನ್ನುತ್ತಾರೆ. ನಳಿಗೆ ಹೋದರೆ ಬೇರೆ ತರಬಹುದು, ಮರದ ಹಿಡಿ ಸೀಳಿದರೆ ಬೇರೆ ಮಾಡಬಹುದು. ಆಕ್ಷನ್ ತಪ್ಪಾಗಿದ್ದರೆ ಮೇಲಿನ ಖರ್ಚೆಲ್ಲ ನೀರುಪಾಲು.

ಆಕ್ಷನ್‌ನಲ್ಲಿ ಮೊದಲು ನೋಡುವುದು ಬೋಲ್ಟಿನ ಮುಖ. ತೋಟೆಯ ಬುಡ ಅಲ್ಲಿ ಬಂದು ಕೂರುತ್ತದೆ, ಕೊಕ್ಕೆ ಅದರ ಅಂಚನ್ನು ಹಿಡಿದು ಖಾಲಿ ತೋಟೆಯನ್ನು ಹೊರಗೆಳೆಯುತ್ತದೆ. ಮೌಸರ್‌ನ 7×57, 8×57, ಅಮೆರಿಕದ .30-06, ಬಾಕ್‌ನ 9.3×62, ಇವುಗಳ ಬುಡವೆಲ್ಲ ಹೆಚ್ಚು ಕಡಿಮೆ 12 ಮಿಲಿಮೀಟರ್. ಒಂದೇ ಕುಟುಂಬದವು ಎನ್ನಿ. ಇಂಗ್ಲಿಷರ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟೆ 1912ರಲ್ಲಿ ಬಂತು. ಅದರ ಬುಡಕ್ಕೆ ಹೊರಗೆ ಒಂದು ಪಟ್ಟಿ ಇದೆ, ವ್ಯಾಸ ಸುಮಾರು 13.5 ಮಿಲಿಮೀಟರ್. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಮ್, 1958ರ .338, 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಎಲ್ಲವೂ ಈ ಪಟ್ಟಿಬುಡದ ಕುಟುಂಬ. ಅದಕ್ಕೂ ದೊಡ್ಡದು 1911ರ .416 ರಿಗ್ಬಿ, ಬುಡ 15 ಮಿಲಿಮೀಟರ್. ಕುಟುಂಬದೊಳಗೇ ಸಂಬಂಧ ಬೆಳೆಸಿದರೆ ಕೆಲಸ ಸುಲಭ. ಹೊರಗೆ ಹೋದಷ್ಟೂ ಬೋಲ್ಟಿನ ಮುಖ ಅಗಲಿಸಬೇಕು, ಕೊಕ್ಕೆ ತಿದ್ದಬೇಕು, ಉಕ್ಕು ತೆಳುವಾಗುತ್ತ ಹೋಗುತ್ತದೆ.

ಎರಡನೆಯದು ಉದ್ದ. ಸಾಮಾನ್ಯ ಮೌಸರ್‌ನ ತೋಟೆಪೆಟ್ಟಿಗೆ ಒಳಗೆ ಸುಮಾರು 84 ಮಿಲಿಮೀಟರ್. ಗುಂಡು ಸಮೇತ 9.3×62 ತೋಟೆಯ ಉದ್ದ 83.6. ಆಟೊ ಬಾಕ್ ಎಷ್ಟು ಲೆಕ್ಕ ಹಾಕಿದ್ದಾನೆ ನೋಡಿ! .375ರ ಉದ್ದ 91 ಮಿಲಿಮೀಟರಿಗೂ ಮೇಲೆ, .416 ರಿಗ್ಬಿಯದು 95. ಇವನ್ನು ಸಾಮಾನ್ಯ ಮೌಸರ್‌ಗೆ ತುರುಕಬೇಕಾದರೆ ಪೆಟ್ಟಿಗೆಯ ಮುಂದಿನ ಗೋಡೆಯನ್ನೂ, ತೋಟೆ ಮೇಲೇರುವ ಇಳಿಜಾರನ್ನೂ ಕೊರೆಯಬೇಕು. ಆ ಇಳಿಜಾರಿನ ಮುಂದೆಯೇ ಇರುವುದು ರೈಫಲ್‌ನ ಪ್ರಾಣ. ಬೋಲ್ಟಿನ ಮುಂತುದಿಯಲ್ಲಿ ಎರಡು ದಪ್ಪ ಗುಬಟುಗಳಿರುತ್ತವೆ, ಲಗ್ ಎನ್ನುತ್ತಾರೆ. ಬಾಗಿಲಿಗೆ ಅಗಳಿ ಹಾಕಿದಂತೆ ಅವು ಮೈಯ ಒಳಗಿನ ಮೆಟ್ಟಿಲಿನ ಹಿಂದೆ ಸಿಕ್ಕಿಕೊಂಡು ಈಡಿನ ಹೊಡೆತವನ್ನೆಲ್ಲ ತಡೆದುಕೊಳ್ಳುತ್ತವೆ. ಕೆಳಗಿನ ಲಗ್‌ಗೆ ಆನಿಕೆಯಾದ ಉಕ್ಕನ್ನೇ ಕೆರೆದು ತೋಟೆಗೆ ಜಾಗ ಮಾಡಿದರೆ ಅಗಳಿ ಗಟ್ಟಿಯಾಗಿದ್ದೂ ಚೌಕಟ್ಟು ಟೊಳ್ಳಾದಂತೆ. ಹೀಗೆ ಕೊರೆದ ಮೌಸರ್‌ಗಳು ಲೋಕದಲ್ಲಿ ಬಹಳ ಇವೆ, ಬಹಳಷ್ಟು ನೆಟ್ಟಗೆ ನಡೆದೂ ಇವೆ. ಆದರೂ ಹತ್ತಿಪ್ಪತ್ತು ವರ್ಷದಲ್ಲಿ ಲಗ್ ನಿಧಾನವಾಗಿ ಹಿಂದಕ್ಕೆ ಒತ್ತಿಕೊಂಡು ಕೂತದ್ದೂ ಉಂಟು. ಈ ಕಾರಣಕ್ಕೇ ಮೌಸರ್ ಕಾರ್ಖಾನೆ ಉದ್ದ ತೋಟೆಗೆಂದು ಬೇರೆಯೇ ಮ್ಯಾಗ್ನಮ್ ಆಕ್ಷನ್ ಮಾಡಿತು. ರಿಗ್ಬಿಯವರು .416 ಕಟ್ಟಿದ್ದು ಅದರ ಮೇಲೆ.

ಮೂರನೆಯದು ಹಿಂದಕ್ಕೆ ಬರುವ ಒತ್ತು. ಇದನ್ನು ಲೇತಿನವರು ಯೋಚಿಸುವುದೇ ಇಲ್ಲ. ಮದ್ದು ಉರಿದಾಗ ಒತ್ತಡ ಎಲ್ಲ ಕಡೆಗೂ ಒಂದೇ. ಗುಂಡನ್ನು ಮುಂದಕ್ಕೆ ತಳ್ಳುವ ಒತ್ತಡವೇ ತೋಟೆಯ ಬುಡವನ್ನು ಬೋಲ್ಟಿನ ಮೇಲೆ ತಳ್ಳುತ್ತದೆ. ಬುಡ ಅಗಲವಾದಷ್ಟೂ ಆ ತಳ್ಳು ಜಾಸ್ತಿ, ಅದೂ ವ್ಯಾಸದ ವರ್ಗದಂತೆ ಜಾಸ್ತಿ. 12 ಮಿಲಿಮೀಟರ್ ಬುಡಕ್ಕೂ 15 ಮಿಲಿಮೀಟರ್ ಬುಡಕ್ಕೂ ನೋಡುವುದಕ್ಕೆ ಮೂರೇ ಮಿಲಿಮೀಟರ್ ಅಂತರ. ಅದೇ ಒತ್ತಡದಲ್ಲಿ ಬೋಲ್ಟಿನ ಮೇಲಿನ ಹೊರೆ ಒಂದೂವರೆ ಪಟ್ಟು ಮೀರುತ್ತದೆ. ರಿಗ್ಬಿ ಮೊದಲಾದ ಹಳೆ ಇಂಗ್ಲಿಷ್ ತೋಟೆಗಳು ಅಷ್ಟು ದೊಡ್ಡ ಹೊಟ್ಟೆಯವಾಗಿದ್ದೂ ನಡೆದದ್ದು ಅವುಗಳ ಒತ್ತಡ ಕಡಿಮೆ ಇದ್ದುದರಿಂದ. ಅದಕ್ಕೆ ಕಾರಣ ನಮ್ಮ ಸೆಖೆ! ಆ ಕಾಲದ ಕಾರ್ಡೈಟ್ ಮದ್ದು ಬಿಸಿಲಿಗೆ ಕಾದರೆ ಒತ್ತಡ ಏರಿಬಿಡುತ್ತಿತ್ತು. ಹಿಂದೂಸ್ಥಾನಕ್ಕೂ ಆಫ್ರಿಕಾಕ್ಕೂ ಕಳಿಸುವ ತೋಟೆಯನ್ನು ಹೊಟ್ಟೆ ದೊಡ್ಡದು ಮಾಡಿ, ಮದ್ದಿಗೆ ಸಾವಕಾಶ ಕೊಟ್ಟು ತಯಾರಿಸುತ್ತಿದ್ದರು.

ಯಾವ ರೈಫಲ್ ಆರಿಸುತ್ತಾರೆ

ಕಡಿಮೆ ಖರ್ಚಿನ ದಾರಿ .30-06 ಅಥವಾ 8×57 ರೈಫಲನ್ನು 9.3×62 ಮಾಡುವುದು. ಬೋಲ್ಟಿನ ಮುಖ ಅದೇ, ಪೆಟ್ಟಿಗೆ ಅದೇ, ಕೊಕ್ಕೆ ಅದೇ. ಹೊಸ ನಳಿಗೆ ತಿರುಪಿದರೆ ಮುಖ್ಯ ಕೆಲಸ ಮುಗಿಯಿತು. ಇದ್ದ ನಳಿಗೆ ದಪ್ಪವಾಗಿದ್ದರೆ ಅದನ್ನೇ ದೊಡ್ಡದಾಗಿ ಕೊರೆದು ಒಳಗೆ ಹೊಸ ಸುರುಳಿಗೀರು ಹಾಕುವವರೂ ಇದ್ದಾರೆ. ನಮ್ಮನ್ನು ಕೇಳಿದರೆ ಇದಕ್ಕಿಂತ ಜಾಣತನದ ಮಾರ್ಪಾಟು ಇನ್ನೊಂದಿಲ್ಲ. ದಪ್ಪ ಹೆಸರಿನ ತೋಟೆ ಬೇಕೆಂದು ಹಟ ಹಿಡಿಯುವವರಿಗೆ ಮಾತ್ರ ಇದು ಸಪ್ಪೆ.

.300 ಅಥವಾ .338 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್ ಇದ್ದವರು .458ಕ್ಕೆ ಹೋಗಬಲ್ಲರು. ಒಂದೇ ಪಟ್ಟಿಬುಡ, ಗುಂಡು ಸಮೇತ ಉದ್ದವೂ ಹೆಚ್ಚು ಕಡಿಮೆ ಒಂದೇ, 85 ಮಿಲಿಮೀಟರ್. 32 ಗ್ರಾಮು ತೂಕದ ಗುಂಡು ಹಾರಿಸುವ .458 ರೈಫಲ್ ಅಷ್ಟು ಗಿಡ್ಡ ತೋಟೆಯಲ್ಲಿ ಬಂದದ್ದು ಆಫ್ರಿಕಾದಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಗಿಡ್ಡತನಕ್ಕೆ ಬೆಲೆ ತೆರಬೇಕಾಯಿತು. ಹಿತ್ತಾಳೆಯೊಳಗೆ ಜಾಗ ಸಾಲದೆ ಮದ್ದನ್ನು ಅದುಮಿ ತುಂಬುತ್ತಿದ್ದರು. ಮೊದಲ ವರ್ಷಗಳ ತೋಟೆಗಳಲ್ಲಿ ಕೆಲವು ಸರಿಯಾಗಿ ಉರಿಯದೆ ಗುಂಡು ನಿಧಾನವಾಗಿ ಹೊರಟಿತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಜ್ಯಾಕ್ ಲಾಟ್ ಎಂಬ ಅಮೆರಿಕನ್ ಬೇಟೆಗಾರನನ್ನು ಕಾಡೆಮ್ಮೆ ತಿವಿದು ಎಸೆಯಿತು; ಕೈಯಲ್ಲಿದ್ದದ್ದು .458. ಬದುಕಿದ ಲಾಟ್ ಮುಂದೆ 1971ರಲ್ಲಿ ಅದೇ ದಪ್ಪದ ಗುಂಡಿಗೆ ಇನ್ನೂ ಉದ್ದದ ಹಿತ್ತಾಳೆ ಮಾಡಿದ. ಅದು .458 ಲಾಟ್. ಮದ್ದಿಗೆ ಜಾಗ ಸಿಕ್ಕಿತು, ಉದ್ದದ ಪೆಟ್ಟಿಗೆ ಇರುವ ರೈಫಲ್ ಬೇಕಾಯಿತು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕೊಡಲೇಬೇಕು.

.375, .416 ಮುಂತಾದ ಉದ್ದದವುಗಳಿಗೆ ಬಡವರ ಆಯ್ಕೆ ಎಂದರೆ ಎನ್‌ಫೀಲ್ಡ್ ಪಿ-14 ಮತ್ತು ಅದರ ತಮ್ಮ 1917ರ ಮಾದರಿ. ಈ ರೈಫಲನ್ನು ಬ್ರಿಟಿಷರು 1913ರಲ್ಲಿ .276 ಎಂಬ ಉದ್ದನೆಯ ತೋಟೆಗೆಂದು ಯೋಜಿಸಿದ್ದರು. ಯುದ್ಧ ಬಂದು ಆ ತೋಟೆ ಬಿಟ್ಟುಹೋಯಿತು, ರೈಫಲ್‌ನ ದೊಡ್ಡ ಮೈ ಉಳಿಯಿತು. ಪಿ-14 .303ಕ್ಕೆ, 1917ರದು .30-06ಕ್ಕೆ, ವಿಂಚೆಸ್ಟರ್, ರೆಮಿಂಗ್ಟನ್, ಎಡ್ಡಿಸ್ಟೋನ್ ಎಂಬ ಮೂರು ಅಮೆರಿಕನ್ ಕಾರ್ಖಾನೆಗಳಲ್ಲಿ ತಯಾರಾದವು. 1917ರ ಮಾದರಿ ಒಂದೇ ಇಪ್ಪತ್ತು ಲಕ್ಷಕ್ಕೂ ಮೇಲೆ ಬಂತು. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಮಾರಾಟವಾದವು. .303 ತೋಟೆಗೆ ಬುಡದಲ್ಲಿ ಅಂಚು ಇರುವುದರಿಂದ ಪಿ-14ರ ಬೋಲ್ಟಿನ ಮುಖ ಮೊದಲೇ ಅಗಲ. ಪಟ್ಟಿಬುಡದ ತೋಟೆಗೆ ಹೆಚ್ಚು ಕೆರೆಯಬೇಕಾಗಿಲ್ಲ. ಲಗ್ ಗಟ್ಟಿ, ಮೈಯಲ್ಲಿ ಮಾಂಸ ಧಾರಾಳ. ಚೆಲುವಿಲ್ಲ ನಿಜ. ಮೇಲೆ ಆನೆಕಿವಿಯಂಥ ಗುರಿಕಾವಲು, ಕೆಳಗೆ ಜೋತ ಹೊಟ್ಟೆ. ಅವನ್ನೆಲ್ಲ ಉಜ್ಜಿ ತೆಗೆದು ನೇರ ಮಾಡುತ್ತಾರೆ. ಒಂದೇ ಎಚ್ಚರ: ಎಡ್ಡಿಸ್ಟೋನ್‌ನವುಗಳಲ್ಲಿ ಕೆಲವಕ್ಕೆ ನಳಿಗೆಯನ್ನು ವಿಪರೀತ ಬಿಗಿದಿದ್ದರು. ಬಿಚ್ಚುವಾಗ ಮೈಯೇ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ವರದಿಯಾಗಿದೆ. ಅಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಬಲ್ಲ ಕಸುಬುದಾರ ಕಾಂತಪರೀಕ್ಷೆ ಮಾಡಿ ನೋಡದೆ ಹೊಸ ನಳಿಗೆ ತಿರುಪುವುದಿಲ್ಲ.

ನಳಿಗೆ ತಿರುಪಿದ ಮೇಲೂ ಕೆಲಸ ಮುಗಿಯದು. ತೋಟೆಯ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಿನ ಸಂದು ಅಂಗುಲದ ಸಾವಿರದ ಭಾಗಗಳ ಲೆಕ್ಕದಲ್ಲಿರಬೇಕು. ಸಂದು ಹೆಚ್ಚಾದರೆ ಹಿತ್ತಾಳೆ ಹಿಗ್ಗಿ ಹರಿದು, ಕಾದ ಅನಿಲ ಹೊಡೆಯುವವನ ಮುಖಕ್ಕೇ ಬರುತ್ತದೆ. ಇನ್ನು ತೋಟೆಪೆಟ್ಟಿಗೆಯ ತುಟಿಗಳನ್ನು ಹೊಸ ತೋಟೆಯ ದಪ್ಪಕ್ಕೆ ತಿದ್ದಬೇಕು. ನಳಿಗೆ ಹಾಕುವುದಕ್ಕಿಂತ ಇದೇ ಕಷ್ಟ ಎಂದು ಈ ಕಸುಬಿನವರು ಹೇಳುತ್ತಾರೆ. ಮೊದಲ ಈಡು ಹೋಗಿ ಎರಡನೆಯ ತೋಟೆ ಅಡ್ಡ ಸಿಕ್ಕಿಕೊಂಡರೆ ಕಾಡೆಮ್ಮೆಯ ಮುಂದೆ ಕೈಯಲ್ಲಿರುವುದು ದೊಣ್ಣೆ ಅಷ್ಟೆ. ಜರ್ಮನಿ, ಬ್ರಿಟನ್‌ಗಳಲ್ಲಿ ಹೀಗೆ ಬದಲಾದ ರೈಫಲನ್ನು ಸರ್ಕಾರ ಮಾನ್ಯಮಾಡಿದ ಪರೀಕ್ಷಾಲಯಕ್ಕೆ ಒಯ್ದು, ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ಹೊಡೆಸಿ, ಮುದ್ರೆ ಒತ್ತಿಸಿಕೊಳ್ಳದೆ ಮಾರುವಂತಿಲ್ಲ.

ದಪ್ಪ ಗುಂಡಿನ ಮೋಸ

ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ನಾನೂರ ಇಪ್ಪತ್ತಮೂರು ಮೌಸರ್ ಎಂಬ ಹೆಸರು ಕೇಳಿದವರಿದ್ದಾರೆ. ಅದು ಜರ್ಮನರ 10.75×68 ತೋಟೆ. ಬಾಕ್‌ನ 9.3ರ ಹಾಗೆ ಇದೂ ಸಾಮಾನ್ಯ ಮೌಸರ್‌ನಲ್ಲೇ ಹಿಡಿಸುವಂಥದು. ಆಫ್ರಿಕಾದಲ್ಲೂ ಇಲ್ಲೂ ಬಹಳ ಮಾರಾಟವಾಯಿತು. ಬಾಯಿ 9.3ಕ್ಕಿಂತ ಸುಮಾರು ಒಂದೂವರೆ ಮಿಲಿಮೀಟರ್ ದೊಡ್ಡದು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರೂ 423ನ್ನೇ ಎತ್ತಿಕೊಳ್ಳುತ್ತಾರೆ.

ಆದರೆ ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗಳ ಮೇಲೆ 9.3 ಒಳ್ಳೆಯ ಹೆಸರು ಗಳಿಸಿತು, 10.75 ಕೆಟ್ಟ ಹೆಸರು ಪಡೆಯಿತು. ಕಾರಣ ಗುಂಡಿನ ಆಕಾರ. 10.75ರ ಗುಂಡು 347 ಗ್ರೇನ್, ಎಂದರೆ ಸುಮಾರು 22.5 ಗ್ರಾಮು, ಅಷ್ಟು ದಪ್ಪಕ್ಕೆ ಆ ತೂಕ ಸಾಲದು. ದಪ್ಪ ಆದರೆ ಗಿಡ್ಡ. ಮೊಂಡು ಗೂಟ ನೆಲಕ್ಕೆ ಇಳಿಯುವಂತೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. 9.3ರದು ದಪ್ಪಕ್ಕೆ ತಕ್ಕಷ್ಟು ಉದ್ದದ ಗುಂಡು, ಮೂಳೆ ದಾಟಿ ಒಳಗೆ ಹೋಗುತ್ತದೆ. ಅದರ ಮೇಲೆ 10.75ಕ್ಕೆ ಬಂದ ಹಳೆಯ ಗುಂಡುಗಳ ಹೊದಿಕೆಯೂ ಗಟ್ಟಿ ಇರಲಿಲ್ಲ. ಬೆಲ್ ಎಂಬ ಸ್ಕಾಟಿಷ್ ಬೇಟೆಗಾರ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದವನು. ಅವುಗಳಲ್ಲಿ ಬಹುಪಾಲನ್ನು ಕೆಡವಿದ್ದು 7 ಮಿಲಿಮೀಟರ್ ಬಾಯಿಯ ರೈಫಲ್‌ಗಳಲ್ಲಿ. ಉದ್ದನೆಯ ಗಟ್ಟಿ ಗುಂಡು, ಎಲ್ಲಿಗೆ ಹೊಡೆಯಬೇಕೆಂಬ ಅರಿವು, ಇವೆರಡೇ ಅವನ ಬಂಡವಾಳ. ಆ ಕೊಲೆಯ ಲೆಕ್ಕ ನಮಗೆ ಹಿಡಿಸದು. ಆದರೂ ಬಾಯಳತೆಯ ಮರುಳು ಬಿಡಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಕಾನೂನುಗಳೂ ಈ ಮಾತನ್ನು ಅರ್ಧ ಒಪ್ಪಿವೆ. ನಮೀಬಿಯಾದಲ್ಲಿ ಪರವಾನಗಿ ಪಡೆದು ಆನೆ, ಕಾಡೆಮ್ಮೆ ಬೇಟೆಯಾಡುವವರ ರೈಫಲ್ ನಳಿಗೆಯ ಬಾಯಲ್ಲಿ ಕನಿಷ್ಠ 5,400 ಜೌಲ್ ಶಕ್ತಿ ಕೊಡಬೇಕು. .375 ಈ ಗೆರೆ ದಾಟುತ್ತದೆ, 9.3×62 ದಾಟುವುದಿಲ್ಲ. ಅಲ್ಲಿನವರು ಮಾರ್ಪಾಟಿಗೆ ಹೋಗುವ ಮುಂಚೆ ಈ ಲೆಕ್ಕ ನೋಡಿಕೊಳ್ಳುತ್ತಾರೆ. ಕೀನ್ಯಾದಲ್ಲಂತೂ 1977ರಲ್ಲಿ ಬೇಟೆಯನ್ನೇ ನಿಲ್ಲಿಸಿದರು.

ಒದೆತದ ಮಾತನ್ನೂ ಇಲ್ಲಿ ಹೇಳಬೇಕು. .30-06ರ ಒದೆತ ಒಂದಾದರೆ .375ರದು ಸುಮಾರು ಎರಡು, .458ರದು ಮೂರು. ಮೂರೂವರೆ ಕಿಲೋ ತೂಕದ ಹಗುರ ರೈಫಲ್‌ಗೆ .458 ನಳಿಗೆ ಹಾಕಿದರೆ ಮೊದಲು ಮರದ ಹಿಡಿ ಸೀಳುತ್ತದೆ, ಇಲ್ಲವೆ ಹೆಗಲು ಹೋಗುತ್ತದೆ. ಬಲ್ಲವರು ಹಿಡಿಯೊಳಗೆ ಅಡ್ಡಕ್ಕೆ ಉಕ್ಕಿನ ಮೊಳೆ ಹಾಕಿ, ರೈಫಲ್‌ನ ತೂಕವನ್ನು ನಾಲ್ಕೂವರೆ ಕಿಲೋಗೆ ತರುತ್ತಾರೆ. ಎರಡು ಈಡು ಹೊಡೆದು ಮೂರನೆಯದಕ್ಕೆ ಕಣ್ಣು ಮುಚ್ಚುವವನ ಕೈಯಲ್ಲಿ ದೊಡ್ಡ ಕೋವಿ ಇದ್ದೂ ಇಲ್ಲದಂತೆ. ಅಂಥವನು ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತಾನೆ. ಗಾಯಗೊಂಡ ಆನೆ ಯಾರ ತೋಟದಲ್ಲಿ ಯಾರಿಗೆ ಎದುರಾಗುತ್ತದೆ ಎಂದು ಹೇಳಬರುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವ ಹೆಣ್ಣಾಳಿಗೆ ಎದುರಾಗಬಹುದು.

ನಮ್ಮಲ್ಲಿರುವ ರೈಫಲ್‌ಗಳು

ಸದಸ್ಯರ ಮನೆಗಳಲ್ಲಿ ಹೆಚ್ಚಾಗಿ ಇರುವುದು ತೋಟೆ ಕೋವಿಗಳೇ, ಒಂಟಿನಳಿಗೆ ಅಥವಾ ಜೋಡುನಳಿಗೆ. ಅವಕ್ಕೆ ಈ ಚರ್ಚೆ ಸಂಬಂಧವೇ ಇಲ್ಲ. ಛರ್ರೆ ಹೊಡೆಯುವ ತೆಳು ನಳಿಗೆಯ ಕೋವಿ ರೈಫಲ್ ಅಲ್ಲ.

ರೈಫಲ್ ಇದ್ದರೆ ಅದು ಬಹುಮಟ್ಟಿಗೆ .315. ಇದರ ಹುಟ್ಟಿಗೂ ಒಂದು ಕತೆಯಿದೆ. .303 ಸೈನ್ಯದ ತೋಟೆ, ಜನರ ಕೈಗೆ ಸಿಗಬಾರದೆಂದು ಸರ್ಕಾರದ ಧೋರಣೆ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ರೈಫಲ್‌ನ ಮೈಗೆ ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಮ್ಯಾನ್‌ಲಿಶರ್ ತೋಟೆಯನ್ನು ಹೊಂದಿಸಿ .315 ಎಂದರು. ಇದರ ಮುಂಚೆಯೂ ಇಂಥದೇ ಒಂದು ನಡೆದಿತ್ತು. ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳು ದಂಗೆಕೋರರ ಕೈಯಲ್ಲಿವೆ, ಅವಕ್ಕೆ ಗುಂಡು ಒದಗಬಾರದು ಎಂದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಬಾಯಳತೆಯ ರೈಫಲ್‌ಗಳನ್ನು ಹಿಂದೂಸ್ಥಾನಕ್ಕೂ ಸೂಡಾನಿಗೂ ತರಕೂಡದೆಂದು ಕಟ್ಟುಮಾಡಿತು. ಲಂಡನ್ನಿನ ಕೋವಿ ತಯಾರಕರು ತರಾತುರಿಯಲ್ಲಿ .465, .470, .475 ಎಂದು ಹೊಸ ಹೊಸ ಅಳತೆ ತೆಗೆದರು. ಬೇಟೆಯ ಅಗತ್ಯದಿಂದಲ್ಲ, ಕಾಯಿದೆಯಿಂದ ಹುಟ್ಟಿದ ಅಳತೆಗಳಿವು.

.315ರ ಮೈ ದೊಡ್ಡ ತೋಟೆಗೆ ಸಲ್ಲದು. ಲೀ-ಎನ್‌ಫೀಲ್ಡ್‌ನ ಅಗಳಿ ಇರುವುದು ಬೋಲ್ಟಿನ ಹಿಂಭಾಗದಲ್ಲಿ; ಮೌಸರ್‌ನ ಹಾಗೆ ಮುಂತುದಿಯಲ್ಲಲ್ಲ. ಈಡಾದಾಗ ಬೋಲ್ಟಿನ ಉದ್ದಕ್ಕೂ ಒತ್ತಡ ಬಿದ್ದು, ಮೈ ಕೂದಲೆಳೆಯಷ್ಟು ಹಿಗ್ಗಿ ಮತ್ತೆ ಕುಗ್ಗುತ್ತದೆ. ತನ್ನ ತೋಟೆಗೆ ಅದು ಗಟ್ಟಿ, ಅದರಾಚೆ ಹೊರೆ ಹೊರಿಸಿದರೆ ಹಿತ್ತಾಳೆ ಹರಿಯುವ ದಿನ ಹತ್ತಿರ.

ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನು ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು. ಆಂಡರ್ಸನ್ನರ ಕೈಯಲ್ಲಿದ್ದುದು .405 ವಿಂಚೆಸ್ಟರ್, 1895ರ ಮಾದರಿ, ಕೆಳಗಿನ ಸನ್ನೆ ಎಳೆದು ತೋಟೆ ಏರಿಸುವಂಥದು. ಅಂಥ ಅಪರೂಪದ ವಿಲಾಯಿತಿ ರೈಫಲ್‌ಗಳು ಎಲ್ಲೋ ಒಂದೆರಡು ಎಸ್ಟೇಟಿನಲ್ಲಿ ಇನ್ನೂ ಉಳಿದಿವೆ. ಅವುಗಳ ತೊಂದರೆ ತೋಟೆ ಸಿಗದಿರುವುದು. ಸಿಗದಾಗ ಹತ್ತಿರದ ಅಳತೆಯದು ಆಗುತ್ತದೆಯೇ ಎಂದು ಹಾಕಿ ನೋಡುವ ಚಪಲ ಬರುತ್ತದೆ. 10.75×68ಕ್ಕೂ .404 ಜೆಫ್ರಿಗೂ ಗುಂಡಿನ ದಪ್ಪ ಒಂದೇ. ತೋಟೆ ಒಂದೇ ಅಲ್ಲ: ಜೆಫ್ರಿಯ ಬುಡ ದಪ್ಪ, ಹಿತ್ತಾಳೆ ಉದ್ದ. ಒಂದರ ಚೇಂಬರ್‌ಗೆ ಇನ್ನೊಂದು ಕೂರದು; ಕೂರುವಂತೆ ಚೇಂಬರ್ ಕೆರೆಸಿದರೆ ಮೇಲೆ ಹೇಳಿದ ಕಾಯಿದೆಗೂ ಸಿಕ್ಕುತ್ತೀರಿ, ಹೊರೆಯ ಲೆಕ್ಕಕ್ಕೂ ಸಿಕ್ಕುತ್ತೀರಿ.

ಆದ್ದರಿಂದ ಮನೆಯಲ್ಲಿ ಹಳೆಯ ರೈಫಲ್ ಇರುವ ಸದಸ್ಯರು ಮಾಡಬೇಕಾದ್ದು ಇಷ್ಟು. ನಳಿಗೆಯ ಮೇಲೆ ಕೊರೆದಿರುವ ತೋಟೆಯ ಹೆಸರನ್ನೂ ಮೈಮೇಲಿನ ನಂಬರನ್ನೂ ಬೆಳಕಿನಲ್ಲಿ ಓದಿ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವುದರೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿ. ಮುಚ್ಚಿಟ್ಟರೆ ಮಕ್ಕಳ ಹೆಸರಿಗೆ ಮಾಡುವಾಗ ತೊಡಕಾಗುತ್ತದೆ. 2019ರಿಂದೀಚೆಗೆ ಲೈಸೆನ್ಸಿನ ಮೇಲೆ ಒಬ್ಬರಿಗೆ ಎರಡೇ ಕೋವಿ. ಹಿರಿಯರಿಂದ ಬಂದದ್ದೂ ಈ ಲೆಕ್ಕದಲ್ಲೇ ಸೇರುತ್ತದೆ. ಮೂರನೆಯದನ್ನು ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ರಿಪೇರಿ ಇದ್ದರೆ ಲೈಸೆನ್ಸ್ ಪಡೆದ ಕಸುಬುದಾರನಲ್ಲೇ ಮಾಡಿಸಿ.

ಇನ್ನೊಂದು ವಿಷಯ, ಕೈಲ್‌ಪೊಳ್ದ್ ಹಬ್ಬಕ್ಕೋ ಆಯುಧಪೂಜೆಗೋ ಕೋವಿ ಹೊರತೆಗೆದು ಉಜ್ಜುವವರಿಗೆ. ಎರಡು ರೈಫಲ್ ಇರುವ ಮನೆಯಲ್ಲಿ ಬೋಲ್ಟುಗಳನ್ನು ತೆಗೆದು ಒಟ್ಟಿಗೆ ಎಣ್ಣೆಬಟ್ಟೆಯಲ್ಲಿ ಸುತ್ತಿಡುವ ಅಭ್ಯಾಸವಿದೆ. ಮತ್ತೆ ಹಾಕುವಾಗ ಅದಲುಬದಲಾದರೂ ಒಂದರ ಬೋಲ್ಟು ಇನ್ನೊಂದರಲ್ಲಿ ಹೋಗಿ ಕೂರಬಹುದು, ಬೀಗವೂ ಬೀಳಬಹುದು. ಆದರೆ ಒಳಗಿನ ಸಂದು ತಪ್ಪಿರುತ್ತದೆ. ಬೋಲ್ಟಿನ ಹಿಡಿಯ ಬುಡದಲ್ಲಿ ಒತ್ತಿರುವ ನಂಬರು, ಮೈಮೇಲಿನ ನಂಬರು ಎರಡೂ ಒಂದೇ ಎಂದು ನೋಡಿಯೇ ಹಾಕಿ.